ಫಕ್ಕೀರಪ್ಪಣ್ಣನಿಗೆ ಕಾಣದ ಎರಡನೇ ಗೆರೆ

ಸುದ್ದಿ ಸುಳ್ಳಿರಬೇಕು ಎಂದು ಎರಡು ಸಲ ಫೋನ್ ಮಾಡಿ ಕೇಳಿದೆ...
ಸುಳ್ಳಲ್ಲವಂತೆ.

ರಾಣೆಬೆನ್ನೂರಿನ ನಮ್ಮ ಕಾಲೇಜಿನ ಫಿಜಿಕ್ಸ್ ಲ್ಯಾಬ್ ಅಟೆಂಡರ್ ಫಕ್ಕೀರಪ್ಪಣ್ಣ ಇಂದು ಬೆಳಿಗ್ಗೆ ಐರಣಿಯ ಮನೆಯಲ್ಲಿ ತೀರಿಕೊಂಡರು.
ಹಾರ್ಟ್ ಅಟ್ಯಾಕ್...
ಮಣ್ಣು ಸಂಜೆ ನಾಲ್ಕಕ್ಕೆ.

ಅಳು ಬರುತ್ತಿಲ್ಲ. ಏನೂ ಅನಿಸುತ್ತಿಲ್ಲ.
ಕಾಲೇಜಿಗೆ ರಜೆ ಕೊಟ್ಟರು. ನಾನು ಸುಮ್ಮನೆ ಲ್ಯಾಬಿನ ಡಾರ್ಕ್ ರೂಮಿಗೆ ಹೋಗಿ ಕೂತೆ.

ಒಂದು ಮಾತು ಹೇಳಿಬಿಡಬೇಕು...

ಲ್ಯಾಬಿನಲ್ಲಿ ಸೋಡಿಯಂ ದೀಪದ ಪ್ರಯೋಗವಿದೆ. ಬೆಳಕನ್ನು ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿನ ಟೆಲಿಸ್ಕೋಪಿನಲ್ಲಿ ಕಾಣುವ ಅದರ ಹಳದಿ ಗೆರೆ ನಿಜಕ್ಕೂ ಒಂದಲ್ಲ, ಅಂಟಿಕೊಂಡಂತಿರುವ ಎರಡು.
ಹುಡುಗರು ಸೀನಿಯರ್‌ಗಳ ರೆಕಾರ್ಡ್ ನೋಡಿ ಎರಡು ಎಂದು ಬರೆಯುತ್ತಾರೆ. ಇಂದು ಲೆಕ್ಚರರ್ ಆಗಿರುವ ನಾನೂ ಹಾಗೇ ಬರೆದು ಪಾಸಾದವನು.
ಕಣ್ಣಾರೆ ಕಂಡಿರಲಿಲ್ಲ.

ಅಣ್ಣಾ... ಎರಡು ವರ್ಷದ ಹಿಂದೆ ನೀವು ಟೆಲಿಸ್ಕೋಪಿನಲ್ಲಿ ಇಣುಕಿ ಕೇಳಿದಿರಿ.
“ಸರ್ರ, ನನಗ ಒಂದ ಗೆರಿ ಕಾಣತೈತಿ. ನಿಮಗ ಎರಡು ಕಾಣ್ತಾವೇನ್ರಿ?”
“ಹೂಂ, ಕಾಣ್ತಾವ” ಎಂದುಬಿಟ್ಟೆ.

ಎರಡು ಯಾಕೆ ಎಂದೂ ಕೇಳಿದಿರಿ.
ಅದನ್ನಂತೂ ಜೋರಾಗಿ ಹೇಳಿದೆ... ಎಲೆಕ್ಟ್ರಾನ್ ತಾನೇ ಒಂದು ಚಿಕ್ಕ ಅಯಸ್ಕಾಂತ. ನ್ಯೂಕ್ಲಿಯಸ್ ಸುತ್ತ ಅದು ಸುತ್ತುವುದರಿಂದ ಅದಕ್ಕೊಂದು ಕಾಂತಕ್ಷೇತ್ರ ತಗಲುತ್ತದೆ. ಅದರಲ್ಲಿ ಈ ಅಯಸ್ಕಾಂತ ನಿಲ್ಲುವುದು ಎರಡೇ ರೀತಿ. ಒಂದರಲ್ಲಿ ಶಕ್ತಿ ಚೂರು ಹೆಚ್ಚು, ಇನ್ನೊಂದರಲ್ಲಿ ಚೂರು ಕಡಿಮೆ. ಅದಕ್ಕೇ ಎರಡು ಹಳದಿ.
ನೀವು ತಲೆಯಾಡಿಸಿದಿರಿ.

ಮರುದಿನ ಹಾವೇರಿಗೆ ಹೋಗಿ ಕಣ್ಣು ತೋರಿಸಿದಿರಿ. ಕಣ್ಣು ಛಲೋ ಅದಾವ ಎಂದರಂತೆ ಡಾಕ್ಟರ್.
ನೀವು ಡಾಕ್ಟರ್ ಮಾತು ಬಿಟ್ಟು ನನ್ನ ಮಾತು ನಂಬಿದಿರಿ...

ಇಪ್ಪತ್ತು ವರ್ಷ ಒರೆಸಿ ಜೋಪಾನ ಮಾಡಿದ ಸ್ಪೆಕ್ಟ್ರೋಮೀಟರ್ ಮುಟ್ಟುವುದನ್ನೇ ಬಿಟ್ಟಿರಿ.
“ಕಣ್ಣು ಹೋಗ್ಯಾವ್ರಿ. ಬ್ಯಾರೇದವ್ರು ಸೆಟ್ ಮಾಡ್ಲಿ” ಎಂದು ಆಫೀಸಿನ ಕೆಲಸ ಕೇಳಿ ಹಾಕಿಸಿಕೊಂಡಿರಿ.
ನಾನು ಬಾಯಿ ಬಿಡಲಿಲ್ಲ. ನನ್ನ ಮರ್ಯಾದೆ ನೋಡಿಕೊಂಡೆ. ಥೂ.

ಇವತ್ತು ಆ ದೀಪ ಹಚ್ಚಿದೆ.
ಬೆಳಕು ಹೆಚ್ಚು ಬರಲಿ, ಹುಡುಗರಿಗೆ ಲಗೂ ಕಾಣಲಿ ಎಂದು ಬೆಳಕು ಒಳಗೆ ಬರುವ ಸೀಳು, ಆ ಸ್ಲಿಟ್, ಅಗಲ ಇಡಲು ನಿಮಗೆ ಹೇಳಿದವನು ನಾನೇ. ಅದರ ಸ್ಕ್ರೂ ತಿರುಗಿಸಿ ಕೂದಲೆಳೆಯಷ್ಟು ಸಣ್ಣ ಮಾಡಿದೆ...
ದಪ್ಪ ಹಳದಿ ಪಟ್ಟಿ ಸಣ್ಣಗಾಯಿತು. ನಡುವೆ ಕಪ್ಪು ಸಂದು ಬಿತ್ತು.
ಎರಡು ಗೆರೆ.

ನಿಮ್ಮ ಕಣ್ಣಿಗೆ ಏನೂ ಆಗಿರಲಿಲ್ಲ ಅಣ್ಣಾ.
ನನಗೂ ಅವತ್ತು ಒಂದೇ ಕಂಡಿತ್ತು.

ಈಗ ಎಲ್ಲರಿಗೂ ಹೇಳುತ್ತಿದ್ದೇನೆ... ನಿಮ್ಮೊಬ್ಬರನ್ನು ಬಿಟ್ಟು.

ಹೋಗಿ ಬನ್ನಿ ಫಕ್ಕೀರಪ್ಪಣ್ಣ.
ನಿಮ್ಮ ಜೀವ ಎಲ್ಲಿದ್ದರೂ ತಣ್ಣಗಿರಲಿ 🙏