ಹಿಂದೆ ಬರುತ್ತಿದ್ದ ದನಿ

ಕೆಟ್ಟುಹೋದ ವಸ್ತು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಚಿತ್ತಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಅಲ್ಲಿನ ಗೋಡೆ ಗಡಿಯಾರದಿಂದ ಹಿಡಿದು ಆಫೀಸಿನ ಪ್ರಿಂಟರ್‌ವರೆಗೆ ಎಲ್ಲವೂ ಒಮ್ಮೆಯಾದರೂ ನನ್ನ ಸ್ಕ್ರೂಡ್ರೈವರಿನ ರುಚಿ ನೋಡಿವೆ. ವಾಡಿಯ ನಮ್ಮ ಮನೆಗೆ ಬಂದವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವರ ಮೊಬೈಲು ನನ್ನ ಕೈಯಲ್ಲಿರುತ್ತದೆ. ಇದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳಲು ಬಾಯಿ ಬರುವುದಿಲ್ಲ.

ಅವ್ವನ ಕೊರಳಲ್ಲಿ ನಿಂಬೆಕಾಯಿಯಷ್ಟು ಗಂಟಾಗಿತ್ತು. ಕಲಬುರಗಿಯ ಡಾಕ್ಟರು ನೋಡಿ, ಹೆದರುವಂಥದ್ದೇನಿಲ್ಲ, ಆದರೆ ತೆಗೆಯಲೇಬೇಕು ಎಂದರು. ದಸರಾ ರಜೆಯ ಕೊನೆಗೆ ಆಪರೇಷನ್ ಎಂದು ನಿಗದಿಯಾಯಿತು. ಅವ್ವ ಹೊರಗೆ ಹೋದ ಮೇಲೆ ನಾನೊಬ್ಬಳೇ ಹಿಂದೆ ಉಳಿದು, ದನಿಗೆ ಏನಾದರೂ ಆಗಬಹುದೇ ಎಂದು ಕೇಳಿದೆ.

"ಮಾತು ಬರ್ತದ್ರಿ. ಹಾಡೋರಿದ್ರ ಮಾತ್ರ ನಾ ಹಿಂಗೇ ಅಂತ ಹೇಳಲಿಕ್ಕ ಬರಂಗಿಲ್ಲ," ಎಂದರು.

ಅವ್ವ ಹಾಡುತ್ತಿದ್ದಳು. ಕಛೇರಿ ಕೊಡುವ ಹಾಡಲ್ಲ. ಮದುವೆಯಲ್ಲಿ ಅರಿಷಿಣ ಹಚ್ಚುವಾಗ, ತೊಟ್ಟಿಲಿಗೆ ಮಗುವನ್ನು ಹಾಕುವಾಗ, ಸೊಸೆ ಹೊಸ್ತಿಲು ದಾಟುವಾಗ ಹೇಳುವ ಪದಗಳು. ಅವ್ವ ಮತ್ತು ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ರಾವೂರಿನ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದವರು. ಊರಲ್ಲಿ ಚಪ್ಪರ ಎದ್ದಿತೆಂದರೆ ಇಬ್ಬರಿಗೂ ಕರೆ ಬರುತ್ತಿತ್ತು. ಒಬ್ಬಳನ್ನೇ ಯಾರೂ ಕರೆಯುತ್ತಿರಲಿಲ್ಲ, ಏಕೆಂದರೆ ಆ ಪದಗಳನ್ನು ಒಬ್ಬರೇ ಹಾಡುವ ಪದ್ಧತಿ ಇಲ್ಲ. ಒಬ್ಬರು ಮುಂದೆ ಹಾಡಬೇಕು, ಇನ್ನೊಬ್ಬರು ಹಿಂದೆ ಹಿಡಿಯಬೇಕು. ಮುಂದಿನವರ ಸೊಲ್ಲು ಮುಗಿಯುವ ಮೊದಲೇ, ಅರ್ಧ ಉಸಿರು ತಡವಾಗಿ, ಹಿಂದಿನವರು ಅದೇ ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಹಿಂದಿನ ದನಿ ಬಂದು ಮುಟ್ಟುವವರೆಗೆ ಮುಂದಿನವರು ಇನ್ನೊಂದು ಸೊಲ್ಲಿಗೆ ಹೋಗುವಂತಿಲ್ಲ. ಹೋದರೆ ಅದು ಜೊತೆಗಾತಿಯನ್ನು ದಾರಿಯಲ್ಲಿ ಬಿಟ್ಟುಹೋದ ಹಾಗೆ ಎನ್ನುತ್ತಿದ್ದಳು ಅವ್ವ. ಅವಳು ಮುಂದೆ, ದೊಡ್ಡವ್ವ ಅವಳ ಎಡಕ್ಕೆ ಕುಳಿತು ಹಿಂದೆ. ನಲವತ್ತು ವರ್ಷ ಹೀಗೇ ನಡೆದಿತ್ತು.

ಹಿಂದಿನ ವರ್ಷ ದೊಡ್ಡವ್ವ ತೀರಿಕೊಂಡಳು. ಆಮೇಲೆ ಅವ್ವ ಬಾಯಿ ತೆರೆದು ಒಂದು ಪದ ಹೇಳಿರಲಿಲ್ಲ. ಅಪ್ಪ ಮೊದಲೇ ಇರಲಿಲ್ಲ. ಅವಳನ್ನು ವಾಡಿಗೆ ಕರೆತಂದು ನನ್ನ ಹತ್ತಿರ ಇಟ್ಟುಕೊಂಡಿದ್ದೆ.

ಇಬ್ಬರ ಹಾಡೂ ಎಲ್ಲಿಯೂ ಉಳಿದಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಮದುವೆಯ ವಿಡಿಯೋಗಳು ಬೇಕಾದಷ್ಟಿವೆ. ಎಲ್ಲದರಲ್ಲೂ ಇವರಿಬ್ಬರು ಕುಳಿತು ಬಾಯಾಡಿಸುವುದು ಕಾಣುತ್ತದೆ. ಮೇಲೆ ಮಾತ್ರ ವಿಡಿಯೋದವರು ಸಿನೆಮಾ ಹಾಡು ಕೂಡಿಸಿಟ್ಟಿದ್ದಾರೆ.

ಹಾಗಾಗಿ ಆಪರೇಷನ್ನಿಗೆ ಹದಿನೈದು ದಿನ ಇರುವಾಗ, ಅವ್ವನ ಪದಗಳನ್ನೆಲ್ಲ ಧ್ವನಿಮುದ್ರಿಸಿಡುತ್ತೇನೆ ಎಂದು ಹಟ ಹಿಡಿದೆ. ಮೊದಲು ಅವಳು ಒಪ್ಪಲಿಲ್ಲ. ಎರಡು ದಿನ ಬೆನ್ನು ಹತ್ತಿದ ಮೇಲೆ "ಆಗ್ಲಿ, ನಿನ್ನ ಹಟ," ಎಂದಳು. ಮೊಬೈಲಿನಲ್ಲಿ ಹಿಡಿಯಬಹುದಿತ್ತು. ಆದರೆ ನಾನೇ ಗುನುಗಿ ನೋಡಿದ್ದೆ. ಎಳೆದ ತಗ್ಗು ದನಿಯನ್ನು ಅದು ಫ್ಯಾನಿನ ಸದ್ದೆಂದು ತಿಳಿದು ಕತ್ತರಿಸಿ ಹಾಕುತ್ತಿತ್ತು. ನನಗೆ ಅಂಥದ್ದೆಲ್ಲ ನಡೆಯುವುದಿಲ್ಲ. ಒಳ್ಳೆಯ ಮೈಕು ತರಿಸಿದೆ, ಅದನ್ನು ಲ್ಯಾಪ್‌ಟಾಪಿಗೆ ಸೇರಿಸುವ ಸಣ್ಣ ಪೆಟ್ಟಿಗೆಯೊಂದನ್ನು ತರಿಸಿದೆ. ರಾವೂರಿನ ಮನೆಯ ಪಕ್ಕದಲ್ಲಿ ಕಲ್ಲು ಕೊಯ್ಯುವ ಮಷಿನ್ ಇದ್ದುದರಿಂದ ಅವ್ವನ ಕಿವಿ ಸ್ವಲ್ಪ ಮಂದ. ತನ್ನ ದನಿ ತನಗೆ ಕೇಳದಿದ್ದರೆ ಸ್ವರ ಜಾರುತ್ತದೆ. ಅದಕ್ಕೇ ಅವಳ ದನಿ ಅವಳಿಗೇ ಕೇಳುವಂತೆ ತಲೆಗೆ ಹೆಡ್‌ಫೋನ್ ಹಾಕಿದೆ. ಫರಸಿ ಕಲ್ಲಿನ ಮನೆ ಗುಂಯ್‌ಗುಡುತ್ತದೆಂದು ಗೋಡೆಗೆಲ್ಲ ಕೌದಿ ತೂಗುಬಿಟ್ಟೆ. ವಾಡಿಯಲ್ಲಿ ರೈಲು ಬಿಟ್ಟರೆ ಮತ್ತೇನಿದೆ? ಎರಡು ಗಾಡಿಗಳ ನಡುವಿನ ಸಮಯ ನೋಡಿ, ಸಂಜೆ ನಾಲ್ಕಕ್ಕೆ ಅವಳನ್ನು ಕೂರಿಸಿದೆ.

"ಸುಮ್ಮ ಒಂದು ಸೊಲ್ಲು ಹೇಳು ಯವ್ವ. ದನಿ ಬರ್ತದೇನು ನೋಡತೀನಿ," ಎಂದೆ.

ಅವ್ವ ಕಣ್ಣು ಮುಚ್ಚಿ ಶುರು ಮಾಡಿದಳು. ಅರಿಷಿಣದ ಪದ. ಒಂದು ಸೊಲ್ಲು ಹೇಳಿ ನಿಂತಳು, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿದಳು, ಎರಡನೆಯದಕ್ಕೆ ಹೋದಳು. ಮತ್ತೆ ನಿಂತಳು, ಮೂರನೆಯದಕ್ಕೆ ಹೋದಳು. ಅವಳ ದನಿ ಅಷ್ಟು ತುಂಬಿ ಬಂದದ್ದನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ. ಆದರೆ ನನ್ನ ಲಕ್ಷ್ಯವೆಲ್ಲ ಪರದೆಯ ಮೇಲೆ. ಇನ್ನೊಂದು ಹೆಡ್‌ಫೋನನ್ನು ಕಿವಿಗೆ ಹಿಡಿದು ಕೇಳಿದರೆ, ಅವಳು ಹಾಡಿದ್ದು ಯಂತ್ರದೊಳಗೆ ಹೋಗಿ ಹೊರಗೆ ಬರುವಾಗ ಎದ್ದು ಕಾಣುವಷ್ಟು ತಡವಾಗುತ್ತಿತ್ತು.

"ನಿಲ್ಲು, ನಿಲ್ಲು. ಕೆಟ್ಟದ ಇದು," ಎಂದೆ.

"ಎಲ್ಲಿ ಕೆಟ್ಟದ? ಚೊಲೋ ಬರಾಕತ್ತದಲ್ಲ."

"ನಿನ್ನ ದನಿ ಹಿಂದ ಬೀಳಾಕತ್ತದ."

"ಬೀಳಲಿ ಬಿಡು. ಭಾಳ ಚಂದ ಅದ."

ನಾನು ನಕ್ಕುಬಿಟ್ಟೆ. ಇದೆಲ್ಲ ನಿನಗೇನು ತಿಳಿಯುತ್ತದೆ ಎಂದು ಹೆಡ್‌ಫೋನ್ ತೆಗೆದಿಟ್ಟೆ. ಪರೀಕ್ಷೆಗೆಂದು ಹಾಡಿಸಿದ್ದರಿಂದ ರೆಕಾರ್ಡ್ ಗುಂಡಿಯನ್ನೂ ಒತ್ತಿರಲಿಲ್ಲ.

ಅಲ್ಲಿಂದ ಎಂಟು ದಿನ ನಾನು ಮನುಷ್ಯಳಾಗಿರಲಿಲ್ಲ. ಮೈಕಿನ ಮುಂದೆ ಚಪ್ಪಾಳೆ ತಟ್ಟುವುದು, ಮೊದಲ ಚಪ್ಪಾಳೆಗೂ ಮರಳಿ ಬಂದ ಚಪ್ಪಾಳೆಗೂ ನಡುವೆ ಎಷ್ಟು ಅಂತರವಿದೆ ಎಂದು ಪರದೆಯ ಮೇಲೆ ಅಳೆಯುವುದು. ತಡ ಆಗುವುದು ಏಕೆಂದು ಹುಡುಕಿದಾಗ ತಿಳಿದದ್ದು ಇಷ್ಟು: ಲ್ಯಾಪ್‌ಟಾಪು ದನಿಯನ್ನು ಬಂದ ಹಾಗೆ ಕಳಿಸುವುದಿಲ್ಲ, ಬಫರ್ ಎಂಬಲ್ಲಿ ಕೂಡಿಟ್ಟುಕೊಂಡು ಕಳಿಸುತ್ತದೆ. ಸೇಡಂನಿಂದ ಚಿಂಚೋಳಿಗೆ ಹೋಗುವ ಟಂಟಂ ಆಟೋ ಸೀಟು ತುಂಬದೆ ಹೊರಡುತ್ತದೆಯೇ? ಹಾಗೆಯೇ ಇದು. ಸೀಟು ಕಡಿಮೆ ಮಾಡಿದರೆ ಬೇಗ ಹೊರಡುತ್ತದೆ, ಆದರೆ ಓಡಾಟ ಹೆಚ್ಚಾಗಿ ಲ್ಯಾಪ್‌ಟಾಪಿಗೆ ಏದುಸಿರು ಬಂದು ದನಿ ಚಿಟಿಚಿಟಿ ಎಂದು ಒಡೆಯುತ್ತದೆ. ಆ ಟಂಟಂ ಓಡಿಸುವುದು ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮು. ನನ್ನ ಲ್ಯಾಪ್‌ಟಾಪು ಪೆಟ್ಟಿಗೆಯ ಸ್ವಂತ ಡ್ರೈವರನ್ನು ಬಿಟ್ಟು ತನ್ನದೇ ಒಂದನ್ನು ಕೂರಿಸಿಕೊಂಡಿತ್ತು.

ಅದನ್ನು ತೆಗೆದು ಸರಿಯಾದದ್ದನ್ನು ಹಾಕಿದೆ. ಮರುದಿನ ಬೆಳಿಗ್ಗೆ ನೋಡಿದರೆ ತಾನೇ ಅಪ್‌ಡೇಟ್ ಆಗಿ ಹಳೆಯದನ್ನು ಮತ್ತೆ ತಂದು ಕೂರಿಸಿತ್ತು. ಮತ್ತೆ ತೆಗೆದೆ. ವೈಫೈ ಬಂದ್ ಮಾಡಿದೆ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ತೆಗೆದೆ. ಚಾರ್ಜರ್ ಸಿಕ್ಕಿಸಿದರೆ ಗುಂಯ್ ಎನ್ನುತ್ತಿತ್ತು, ಅದನ್ನೂ ಕಿತ್ತೆ. ಅವ್ವ ಪ್ರತಿದಿನ ನಾಲ್ಕಕ್ಕೆ ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

"ಆಯ್ತೇನವ್ವ?"

"ಇನ್ನೂ ಇಲ್ಲ. ನಾಳಿ."

ಐದನೆಯ ದಿನ ಲ್ಯಾಪ್‌ಟಾಪ್ ಹೊತ್ತುಕೊಂಡು ರೈಲಿನಲ್ಲಿ ಸೇಡಂಗೆ ಹೋದೆ. ಅಲ್ಲಿ ಮದುವೆಗಳಿಗೆ ಮೈಕ್ ಹಾಕುವ ಪರಿಚಯದವರೊಬ್ಬರಿದ್ದರು. ಎಷ್ಟೋ ಚಪ್ಪರದಲ್ಲಿ ಅವ್ವ, ದೊಡ್ಡವ್ವರ ಪದ ಕೇಳಿದವರು. ಅವರು ಒಂದೆರಡು ಗಂಟೆ ಕೂತು ಇನ್ನೊಂದು ಡ್ರೈವರ್ ಹಾಕಿಕೊಟ್ಟರು. ಹೊರಡುವಾಗ ಹೇಳಿದರು:

"ಮೇಡಂ, ಒಂದ್ ಮಾತ್ ಹೇಳ್ತೀನಿ, ಗುಸ್ಸಾ ಆಗಬ್ಯಾಡ್ರಿ. ಅವ್ವಾರ ಪದ ಮೊದಲ ಮೊಬೈಲ್‌ದಾಗರೇ ಹಿಡದು ಇಟ್ಟುಬಿಡ್ರಿ. ಮಷಿನ್ ಆಮ್ಯಾಲೆ ರಿಪೇರಿ ಮಾಡ್ಕೋತ ಕುಂದ್ರಿ."

ನನಗೆ ಗುಸ್ಸಾ ಬಂದೇ ಬಂತು. ಮೈಕ್ ಹಾಕುವವರಿಗೇ ಇಷ್ಟು ಅಸಡ್ಡೆ ಇದ್ದರೆ ಹೇಗೆ ಎಂದು ಚಿತ್ತಾಪುರ ದಾಟುವವರೆಗೂ ಮನಸ್ಸಿನಲ್ಲೇ ಜಗಳವಾಡಿಕೊಂಡು ಬಂದೆ.

ಎಂಟನೆಯ ದಿನ ಮಧ್ಯಾಹ್ನ ಅದು ನನ್ನ ಕೈಗೆ ಸಿಕ್ಕಿತು. ಲ್ಯಾಪ್‌ಟಾಪು ಒಂದು ವೇಗದಲ್ಲಿ, ಪೆಟ್ಟಿಗೆ ಇನ್ನೊಂದು ವೇಗದಲ್ಲಿ ದನಿ ಓದುತ್ತಿದ್ದವು. ಎರಡನ್ನೂ ಒಂದೇ ಮಾಡಿ ಬಫರನ್ನು ಅತಿ ಸಣ್ಣದಕ್ಕಿಳಿಸಿ ಚಪ್ಪಾಳೆ ತಟ್ಟಿದೆ. ಎರಡು ಚಪ್ಪಾಳೆಗಳು ಒಂದೇ ಆಗಿ ಕೇಳಿದವು. ಚಿಟಿಚಿಟಿ ಇಲ್ಲ, ತಡವಿಲ್ಲ. ಒಬ್ಬಳೇ ಕೋಣೆಯಲ್ಲಿ ಕುಣಿದೆ.

ಮರುದಿನ ಮಧ್ಯಾಹ್ನದ ಗಾಡಿಗೆ ಕಲಬುರಗಿಗೆ ಹೊರಡಬೇಕಿತ್ತು. ಬೆಳಿಗ್ಗೆ ಅವ್ವನನ್ನು ಕೂರಿಸಿ, ಹೆಡ್‌ಫೋನ್ ಹಾಕಿ, ಈ ಸಲ ರೆಕಾರ್ಡ್ ಗುಂಡಿ ಒತ್ತಿ, "ಹೇಳು ಯವ್ವ. ಎಷ್ಟು ಬರ್ತಾವ ಅಷ್ಟೂ ಹೇಳು," ಎಂದೆ.

ಕಣ್ಣು ಮುಚ್ಚಿ ಮೊದಲ ಸೊಲ್ಲು ಎತ್ತಿದಳು. ಅರ್ಧಕ್ಕೇ ತಡೆದಳು. ತಲೆಯನ್ನು ಎಡಕ್ಕೆ ವಾಲಿಸಿ ಕಾದಳು. ಮತ್ತೆ ಎತ್ತಿದಳು, ಮತ್ತೆ ತಡೆದಳು. ಮೂರನೆಯ ಸಲ ಕಣ್ಣು ತೆರೆದು ತನ್ನ ಎಡಗಡೆಯ ಖಾಲಿ ಚಾಪೆಯನ್ನು ನೋಡಿದಳು.

"ಯಾಕ ನಿಂತಿ?"

"ಯಾರೂ ಹಿಡೀವಲ್ರು."

"ಯಾರು ಹಿಡೀಬೇಕು? ಯಾರ ಅದಾರ ಇಲ್ಲಿ? ಎಂಟು ದಿನ ಹೆಣಗೀನಿ ನಾ ಇದರ ಸಲುವಾಗಿ!" ನನ್ನ ದನಿ ಏರಿತ್ತು.

ಅವ್ವ ಏರು ದನಿಯಲ್ಲಿ ಉತ್ತರ ಕೊಡಲಿಲ್ಲ. "ಅವತ್ತು ಅಕ್ಕ ಹಿಡೀತಿದ್ದಳಲ್ಲ," ಎಂದಳು. ನನ್ನ ಮುಖ ನೋಡಿ ಮುಂದುವರಿಸಿದಳು: "ನನ್ನ ದನೀನೇ ಅಂತ ನನಗೂ ಗೊತ್ತದ. ಹುಚ್ಚಿ ಅಲ್ಲ ನಾ. ಆದ್ರ ಹಿಂದ ಬರತಿತ್ತು ನೋಡು. ಅಕ್ಕ ಬರತಿದ್ದಂಗೇ ಬರತಿತ್ತು. ಈಗ ಎಲ್ಲಾ ನಾನೇ ಆಗೀನಿ."

ಒಂದು ಗಳಿಗೆ ನನಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ನಾನು ಎಂಟು ದಿನ ಕೂತು, ಸೆಕೆಂಡಿನ ಒಂದೊಂದೇ ಚೂರನ್ನು ಅಳೆದು ಅಳೆದು, ಮನೆಯಿಂದ ಹೊರಗೆ ಹಾಕಿದ್ದು ದೊಡ್ಡವ್ವನನ್ನು.

ಲ್ಯಾಪ್‌ಟಾಪಿನ ಮೇಲೆ ಬಿದ್ದೆ. ಬಫರನ್ನು ಅತಿ ದೊಡ್ಡದಕ್ಕೇರಿಸಿದೆ. ತಡವೇನೋ ಬಂತು, ಆದರೆ ಅಂದಿನಷ್ಟಲ್ಲ. ಹೊಸ ಡ್ರೈವರು ಚುರುಕಾಗಿತ್ತು. "ಈಗ ಹೇಳು," ಎಂದೆ. ಒಂದು ಸೊಲ್ಲು ಹಾಡಿ ನಿಂತಳು. "ಇಲ್ಲ. ಯಾರೋ ಅಣಕಿಸಿದಂಗ ಆಗ್ತದ." ಹೊಸದನ್ನು ಕಿತ್ತು ಹಳೆಯ ಡ್ರೈವರ್ ಹುಡುಕತೊಡಗಿದೆ. ಎಂಟು ದಿನ ಹೋಗು ಎಂದರೂ ಹೋಗದ ಅದು ಈಗ ಬಾ ಎಂದರೂ ಬರಲಿಲ್ಲ. ಗಾಡಿಗೆ ಒಂದು ತಾಸು ಉಳಿದಿತ್ತು. ಅವ್ವ ತಾನೇ ಹೆಡ್‌ಫೋನ್ ತೆಗೆದು, ವಯರನ್ನು ಜೋಪಾನವಾಗಿ ಸುತ್ತಿ, ನನ್ನ ತೊಡೆಯ ಮೇಲಿಟ್ಟಳು.

"ಬ್ಯಾಡ ಬಿಡವ್ವ. ಒಮ್ಮೆ ಮಣ್ಣು ಕೊಟ್ಟು ಬಂದೀನಿ. ಮತ್ತ ಮತ್ತ ಕರದು ಕಳಸಬ್ಯಾಡ."

ಮೊಬೈಲು ನನ್ನ ಪಕ್ಕದಲ್ಲೇ ಬಿದ್ದಿತ್ತು. ಅದನ್ನಾದರೂ ಹಿಡಿದು, ಹೇಗೆ ಬಂದರೆ ಹಾಗೆ ಹಾಡು ಎನ್ನಬಹುದಿತ್ತು. ನಾನು ಅಳುತ್ತಿದ್ದೆ. ಅವಳು ಚೀಲಕ್ಕೆ ಸೀರೆ ತುಂಬಿಕೊಳ್ಳುತ್ತಿದ್ದಳು. ಗಾಡಿ ಶಹಾಬಾದಿನಲ್ಲಿ ನಿಂತಿತು. ಅಲ್ಲಿ ಅವಳೇ ಕಿಟಕಿಯಿಂದ ಕೈ ಚಾಚಿ ಶೇಂಗಾ ಕೊಂಡು ನನ್ನ ಕೈಗೆ ಸುರಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಡಾಕ್ಟರು ಹೇಳಿದ ಹಾಗೆ ಮಾತು ಬಂತು. ತಿಂಗಳಾದ ಮೇಲೆ ಒಂದು ದಿನ ಅವ್ವ ಅಕ್ಕಿ ಆರಿಸುತ್ತ ಒಂದು ಸೊಲ್ಲು ಎತ್ತಿದ್ದು ಕೇಳಿ ಒಳಗಿನಿಂದ ಓಡಿಬಂದೆ. ಸ್ವಲ್ಪ ದೂರ ಬಂದ ದನಿ, ಮೇಲೆ ಏರಬೇಕಾದ ಜಾಗಕ್ಕೆ ಬಂದಾಗ ಬರೀ ಗಾಳಿಯಾಯಿತು. ಅವಳು ಇನ್ನೊಮ್ಮೆ ಎತ್ತಿ ನೋಡಿದಳು. ಆಮೇಲೆ ಅಕ್ಕಿಯಲ್ಲಿನ ಕಲ್ಲು ಹೆಕ್ಕತೊಡಗಿದಳು. ಈಗ ವರ್ಷವಾಗುತ್ತ ಬಂತು. ಆ ಏರುದನಿ ಮರಳಿ ಬರಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಆ ಎಂಟು ದಿನಗಳ ಅರವತ್ತು ಚಿಲ್ಲರೆ ಫೈಲುಗಳಿವೆ. ಎಲ್ಲದರಲ್ಲೂ ನನ್ನ ಚಪ್ಪಾಳೆ, ನನ್ನ "ಒಂದು, ಎರಡು, ಮೂರು". ಕೊನೆಯ ಬೆಳಗಿನದರಲ್ಲಿ ಅವ್ವನ ಅರ್ಧ ಸೊಲ್ಲು ಮೂರು ಸಲ ಇದೆ, ಆಮೇಲೆ ನಾನು ಬೈಯುವುದಿದೆ. ಅದನ್ನು ನಾನು ಎರಡನೆಯ ಸಲ ಕೇಳಿಲ್ಲ.

ಮೊನ್ನೆ ತಡೆಯಲಾರದೆ ಕೇಳಿದೆ. "ಯವ್ವ, ನನಗ ಯಾಕ ಅನ್ನಲಿಲ್ಲ, 'ನೀನೇ ಹಿಂದ ಹಿಡಿ' ಅಂತ? ನಾ ಇದ್ದೆನಲ್ಲ ಅಲ್ಲೇ."

"ಅಂದಿದ್ರ ನೀ ಕುಂದ್ರತಿದ್ದೇನು?" ಎಂದಳು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು.

ಈಗ ಸಂಜೆ ಶಾಲೆಯಿಂದ ಬಂದು ಅವಳ ಎಡಕ್ಕೆ ಚಾಪೆಯ ಮೇಲೆ ಕೂರುತ್ತೇನೆ. ಅವಳು ಪದದ ಮಾತುಗಳನ್ನು ಹೇಳುತ್ತಾಳೆ, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಧಾಟಿ ಹೇಗೆಂದು ಕೇಳಿದರೆ ಗಾಳಿಯಲ್ಲಿ ಕೈ ಏರಿಸಿ, ಇಳಿಸಿ, ಒಂದು ಕಡೆ ಬಹಳ ಹೊತ್ತು ನಿಲ್ಲಿಸಿ ತೋರಿಸುತ್ತಾಳೆ. ಆ ಕೈಯನ್ನೇ ನೋಡುತ್ತ ನಾನು ಹಾಡುತ್ತೇನೆ. ಅವಳು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿ, ಹಂಗಲ್ಲ ಎಂದು ತಲೆ ಆಡಿಸುತ್ತಾಳೆ.