ಟಮಾಲೆಯ ಕೋಲಾ ಬೀಜ

ಸ್ವಾತಂತ್ರ್ಯ ಬಂದು ನಾಲ್ಕು ವರ್ಷವಾದ ಘಾನಾ ದೇಶದ ಊರು ಈ ಟಮಾಲೆ. ಮರುಭೂಮಿಯಿಂದ ಬೀಸುವ ಒಣಗಾಳಿಗೆ ನನ್ನ ತುಟಿ ಒಡೆದಿದೆ. ಇಲ್ಲಿ ಮೇಷ್ಟ್ರಾಗಿರುವ ಬಂಟ್ವಾಳದ ಶೀನಪ್ಪ ನನ್ನನ್ನು ಕೋಲಾ ಬೀಜ ಮಾರುವ ಮುದುಕನೊಬ್ಬನ ಜಗಲಿಗೆ ಕರೆದುಕೊಂಡು ಬಂದ. ಮುದುಕನ ಅಜ್ಜ ಈ ಬೀಜವನ್ನು ಕತ್ತೆಗಳ ಮೇಲೆ ಹೇರಿಕೊಂಡು ತಿಂಗಳುಗಟ್ಟಲೆ ನಡೆಯುತ್ತಿದ್ದನಂತೆ.

ಬಂದವರಿಗೆ ಕೋಲಾ ಕೊಡುವುದು ಇಲ್ಲಿಯ ಮರ್ಯಾದೆ; ಮುದುಕ ಒಂದು ಬೀಜ ಮುರಿದು ಅರ್ಧ ನನಗೆ ಕೊಟ್ಟ, ಅರ್ಧ ತಾನು ಬಾಯಿಗೆ ಹಾಕಿಕೊಂಡ. ವಿಪರೀತ ಕಹಿ. ನಮ್ಮೂರು ವಿಟ್ಲದ ಅಭ್ಯಾಸ ನೋಡಿ, ಜಗಿಯುತ್ತಲೇ ಎದ್ದು ಉಗುಳಲಿಕ್ಕೆ ಜಾಗ ಹುಡುಕಿದೆ.

“ಕೊಟ್ಟವರ ಎದುರು ಉಗುಳಬೇಡ ಮಾರಾಯ, ನುಂಗು” ಎಂದ ಶೀನಪ್ಪ.

ನುಂಗಿದೆ. ಆಮೇಲೆ ಕುಡಿದ ನೀರು ಸಿಹಿಯಾಗಿತ್ತು.

ನಮ್ಮಲ್ಲಿಯೂ ಮನೆಗೆ ಬಂದವರಿಗೆ ಎಲೆಅಡಿಕೆ ಕೊಡುತ್ತೇವೆ, ಅವರು ಜಗಿದು ಉಗುಳುತ್ತಾರೆ ಎಂದು ಶೀನಪ್ಪನಿಂದ ಹೇಳಿಸಿದೆ.

ಮುದುಕ ಜಗಿಯುವುದನ್ನು ನಿಲ್ಲಿಸಿದ.

“ಕೊಟ್ಟವನ ಅಂಗಳಕ್ಕೇ?”