ಎರಡು ಮನೆಯ ಜಾಯಿಕಾಯಿ

ಅರವತ್ತರ ದಶಕದ ಆ ದಿನಗಳಲ್ಲಿ, ಅಹಮದಾಬಾದಿನ ಮಣಿನಗರದ ನಮ್ಮ ಚಾಳಿನಲ್ಲಿ, ಮಕ್ಕಳ ಆರೋಗ್ಯ ಕೆಟ್ಟರೆ ಮೊದಲು ತೆರೆಯುತ್ತಿದ್ದದ್ದು ಅಡುಗೆಮನೆಯ ಡಬ್ಬಿಗಳು. ಹೊಟ್ಟೆನೋವಿಗೆ ಓಮ, ಉಬ್ಬರಕ್ಕೆ ಹೊಕ್ಕುಳ ಸುತ್ತ ಇಂಗಿನ ನೀರು, ಕೆಮ್ಮಿಗೆ ಅರಿಶಿನದ ಹಾಲು. ಡಾಕ್ಟರು ಆಮೇಲೆ.

ಅಪ್ಪನಿಗೆ ರೈಲ್ವೆ ಕಚೇರಿಯಲ್ಲಿ ಕೆಲಸ. ಧಾರವಾಡದಿಂದ ಬಂದು ವರ್ಷ ಕಳೆದರೂ ಅವ್ವನಿಗೆ ಗುಜರಾತಿ ನಾಲಿಗೆಗೆ ಹತ್ತಿರಲಿಲ್ಲ. ಪಕ್ಕದ ಮನೆಯ ಗುಜರಾತಿ ಚಿಕ್ಕಮ್ಮ, ಶಾಂತಾಮಾಸಿಯ ಜೊತೆ ಅವಳು ನಗುತ್ತಲೇ ಮಾತು ಮುಗಿಸುತ್ತಿದ್ದಳು. ಅದಕ್ಕೂ ಮೀರಿದ ವಿಷಯವಿದ್ದರೆ ನನ್ನನ್ನು ಕರೆಯುತ್ತಿದ್ದಳು. ನಾನು ಅಂಗಳದಲ್ಲಿ ಕುಂಟಾಟ ಆಡುತ್ತಲೇ ಗುಜರಾತಿ ಕಲಿತಿದ್ದೆ.

ಆ ಬೇಸಿಗೆಯಲ್ಲಿ ತಮ್ಮ ರಾಘುವಿಗೆ ಹಲ್ಲು ಬರುತ್ತಿತ್ತು. ಭೇದಿ, ಸಿಡಿಮಿಡಿ, ಸದಾ ಅಳು. ಒಂದು ಬೆಳಿಗ್ಗೆ ಅವ್ವ ಸಾಣೆಕಲ್ಲಿನ ಮೇಲೆ ಜಾಯಿಕಾಯಿ ತೇದು ಅವನ ನಾಲಿಗೆಗೆ ಸವರಿದಳು. ಆಮೇಲೆ ಖಾರದಪುಡಿಗೆಂದು ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಕೂತಳು. ಘಾಟಿಗೆ ಮಗು ಕೆಮ್ಮಿದ್ದು ಕೇಳಿ ಶಾಂತಾಮಾಸಿ ಬಂದು, ಎಂದಿನಂತೆ, ಅವನನ್ನು ಎತ್ತಿಕೊಂಡು ಹೋದರು. ಮಧ್ಯಾಹ್ನ ನಿದ್ದೆಹೋದ ಮಗುವನ್ನು ತಂದು ತೊಟ್ಟಿಲಲ್ಲಿ ಮಲಗಿಸಿದರು.

ಹಾಲು ಕುಡಿಯುವ ಹೊತ್ತು ಮೀರಿತು. ಅವ್ವ ಎತ್ತಿಕೊಂಡಾಗ ರಾಘುವಿನ ತಲೆ ಒಂದು ಕಡೆಗೆ ವಾಲಿತು. ಅಂಗಾಲು ಚಿವುಟಿದಳು. ಮುಖ ಕಿವುಚಿ ಮತ್ತೆ ಹಾಗೇ ಬಿದ್ದುಕೊಂಡ.

“ಸುಮಿ, ಇವ ಏಳವಲ್ಲ. ಅಕಿನ್ನ ಕರಿ. ನನ್ನ ಮಗನಿಗೆ ಏನು ಹಾಕಿ ಕೊಂದಾಳ ಕೇಳು.”

ಶಾಂತಾಮಾಸಿ ಹಿಟ್ಟಿನ ಕೈಯಲ್ಲೇ ಓಡಿಬಂದರು. ಅವ್ವ ಹೇಳಿದ್ದನ್ನು ಹಾಗೇ ಹೇಳಲು ನನಗೆ ಬಾಯಿ ಬರಲಿಲ್ಲ. “ಮಾಸಿ, ರಾಘುಗೆ ಏನಾದರೂ ಕೊಟ್ಟಿರಾ?” ಎಂದಷ್ಟೇ ಕೇಳಿದೆ.

“ಹೊಟ್ಟೆ ನಿಲ್ಲಲಿ ಅಂತ ಜಾಯಫಳ ತೇದು ನೆಕ್ಕಿಸಿದೆ,” ಎಂದರು.

ಆ ಒಂದು ಪದ ಅವ್ವನಿಗೆ ತಿಳಿಯಿತು. ಧಾರವಾಡದ ಅಂಗಡಿಗಳಲ್ಲಿ ಮರಾಠಿಯವರ ಬಾಯಲ್ಲಿ ಕೇಳಿದ್ದಳು. ಮಗುವನ್ನು ಅವಚಿಕೊಂಡು ಕುಸಿದು ಕೂತಳು. “ಮುಂಜಾನೆ ನಾನೂ ಜಾಯಿಕಾಯಿ ಹಾಕೀನಿ.”

ನಾನು ತಿಳಿಸಿದೆ. ಶಾಂತಾಮಾಸಿ ಮಗುವನ್ನು ಎತ್ತಿಕೊಂಡು ಬಿಸಿಲಲ್ಲಿ ಬರಿಗಾಲಲ್ಲಿ ನಡೆದೇಬಿಟ್ಟರು. ಹಿಂದೆ ನಾವಿಬ್ಬರು.

ಸ್ಟೇಷನ್ ರಸ್ತೆಯ ಡಾಕ್ಟರು ನನ್ನಿಂದ ನಡೆದದ್ದನ್ನು ಕೇಳಿ, ಕಣ್ಣರೆಪ್ಪೆ ಎತ್ತಿ ನೋಡಿದರು, ಎದೆಗೆ ಕಿವಿಗೊಳವೆ ಇಟ್ಟರು. “ಎರಡೂ ಮನೆಯ ಜಾಯಿಕಾಯಿ ಸೇರಿ ಹೆಚ್ಚಾಗಿದೆ, ಅದರ ಮಂಪರು ಇದು. ಉಸಿರು ಸದ್ಯಕ್ಕೆ ಸರಿಯಿದೆ. ಎಚ್ಚರಾಗುವವರೆಗೆ ಬಾಯಿಗೆ ಏನೂ ಹಾಕಬೇಡಿ. ಇಲ್ಲೇ ಕೂತಿರಿ.”

ಬೆಂಚಿನ ಮೇಲೆ ಕೂತೆವು. ಅವ್ವ ಮಗುವಿನ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಅವಳ ಕೈ ಸರಿಸಿ ಶಾಂತಾಮಾಸಿ ತಮ್ಮ ಬೆರಳು ಹಿಡಿದರು. ನಡುವೆ ಒಮ್ಮೆ ನನ್ನತ್ತ ಬಾಗಿ, “ಆಗ ನಿನ್ನ ಬಾ ಏನಂದಳು?” ಎಂದು ಕೇಳಿದರು. ತಾಯಿಗೆ ಅಲ್ಲಿ ಬಾ ಎನ್ನುತ್ತಾರೆ.

“ನಿಮ್ಮನ್ನು ಬೇಗ ಕರಿ ಅಂದಳು,” ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮಗುವಿನ ಕಡೆಗೆ ತಿರುಗಿದರು.

ಬಿಸಿಲು ಇಳಿಯುವ ಹೊತ್ತಿಗೆ ರಾಘು ಸೀನಿದ. ಕಣ್ಣು ತೆರೆದು, ದೊಡ್ಡದಾಗಿ ಅತ್ತ. ಡಾಕ್ಟರು ತಲೆಯಾಡಿಸಿದ ಮೇಲೆ ಅವ್ವ ಅವನನ್ನು ಸೆರಗಿನೊಳಗೆ ಎಳೆದುಕೊಂಡಳು. ಶಾಂತಾಮಾಸಿ ಗೋಡೆಗೆ ಮುಖ ಮಾಡಿ ನಿಂತು ಅತ್ತರು.

ಮರುದಿನ ಅವರು ನಮ್ಮ ಮನೆಗೆ ಬರಲಿಲ್ಲ. ಅವ್ವ ತಾನೇ ರಾಘುವನ್ನು ಎತ್ತಿಕೊಂಡು ಅವರ ಮನೆಗೆ ಹೋದಳು. ಶಾಂತಾಮಾಸಿ ಅಂಜಿ ಕೈ ಹಿಂದೆ ತೆಗೆದುಕೊಂಡರು. “ತಗೋರಿ,” ಎಂದು ಅವ್ವ ಕನ್ನಡದಲ್ಲೇ ಹೇಳಿ ಅವರ ಮಡಿಲಲ್ಲಿ ಹಾಕಿದಳು. ಅದನ್ನು ನಾನು ಗುಜರಾತಿಗೆ ತಿರುಗಿಸಿ ಹೇಳಬೇಕಾಗಲಿಲ್ಲ.

ಈಗ ವಡೋದರಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಮೊಮ್ಮಗಳ ಔಷಧಿ ಅಳತೆ ತಪ್ಪುವುದಿಲ್ಲ. ಅದು ಒಳ್ಳೆಯದೇ, ನಾನೇ ಮುಂದೆ ನಿಂತು ನೋಡಿಕೊಳ್ಳುತ್ತೇನೆ. ಅಕ್ಕಪಕ್ಕದವರೂ ಒಳ್ಳೆಯವರು. ಒಂದು ಬಿಸ್ಕತ್ತು ಕೊಡುವುದಕ್ಕೂ ಕೇಳಿ ಕೊಡುತ್ತಾರೆ. ಆದರೆ ಮಗು ಅತ್ತಾಗ ಬಾಗಿಲು ದಾಟಿ ಬಂದು ಎತ್ತಿಕೊಂಡು ಹೋಗುವವರು ಯಾರೂ ಇಲ್ಲ. ನಾವೂ ಬಾಗಿಲು ಹಾಕಿಕೊಂಡೇ ಇರುತ್ತೇವೆ.